ಐದೂವರೆ ತಾಸಿನ ಅಂತರ

ಅಫಜಲಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಬಟ್ಟೆ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳಲ್ಲಿ ವಿಜಯಶ್ರೀ ಕೆಲಸ ಮಾಡುತ್ತಿದ್ದಳು. ಹೈದರಾಬಾದಿನ ಪ್ರಯೋಗಾಲಯವೊಂದರಲ್ಲಿ ಒಂಬತ್ತು ವರ್ಷ ದುಡಿದವಳು. ಗಂಡನಿಗೆ ಹವಳಗಾದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕ ಮೇಲೆ ಊರಿಗೆ ಮರಳಿದ್ದಳು. ಪೊಲೀಸರು, ವಕೀಲರು, ಕೆಲವೊಮ್ಮೆ ನ್ಯಾಯಾಲಯವೇ ಕಳಿಸಿಕೊಡುವ ಕಂಪ್ಯೂಟರುಗಳನ್ನು ಪರೀಕ್ಷಿಸಿ ವರದಿ ಬರೆದುಕೊಡುವುದು ಅವಳ ಉದ್ಯೋಗ.

ಕಂಪ್ಯೂಟರು ಯಾರೂ ಹೇಳದಿದ್ದರೂ ತನ್ನ ಪಾಡಿಗೆ ತಾನು ಒಂದು ದಿನಚರಿ ಬರೆದಿಡುತ್ತದೆ. ಎಷ್ಟು ಹೊತ್ತಿಗೆ ಚಾಲೂ ಆಯಿತು, ಯಾರ ಹೆಸರಿನಿಂದ ಒಳಗೆ ಬಂದರು, ಯಾವಾಗ ಹೊರಗೆ ಹೋದರು, ಬೇರೆ ಕಂಪ್ಯೂಟರಿನಿಂದ ಯಾರಾದರೂ ಒಳಹೊಕ್ಕರೇ, ಎಲ್ಲವೂ ಸಾಲುಸಾಲಾಗಿ ಅದರಲ್ಲಿ ಬಿದ್ದಿರುತ್ತದೆ. ಅದಕ್ಕೆ ಲಾಗ್ ಎನ್ನುತ್ತಾರೆ. ಒಂದು ತಿಂಗಳಿಗೆ ಲಕ್ಷ ಸಾಲುಗಳಾದರೂ ಆಗುತ್ತವೆ. ಅದರಲ್ಲಿ ಬೇಕಾದ ನಾಲ್ಕೈದು ಸಾಲುಗಳನ್ನು ಹುಡುಕಿ ತೆಗೆಯುವುದಕ್ಕೆ ತಾಳ್ಮೆ ಬೇಕು. ವಿಜಯಶ್ರೀಗೆ ಆ ತಾಳ್ಮೆ ಇತ್ತು. ತನ್ನ ಕೆಲಸದ ಬಗ್ಗೆ ಅವಳಿಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಆ ವರ್ಷ ಯುಗಾದಿಯಾಗಿ ಎರಡು ವಾರಕ್ಕೆ ಸಬ್ ಇನ್‌ಸ್ಪೆಕ್ಟರ್ ಪೀರಪ್ಪ ಎರಡು ಕಂಪ್ಯೂಟರುಗಳನ್ನು ಅರಗಿನ ಮುದ್ರೆ ಹಾಕಿಸಿ ತಂದುಕೊಟ್ಟರು. ಎರಡೂ ಜೇವರ್ಗಿಯ ಒಂದು ಖಾಸಗಿ ಆಸ್ಪತ್ರೆಯವು. ಒಂದು ರಕ್ತ ಪರೀಕ್ಷೆ ಮಾಡುವ ಲ್ಯಾಬಿನದು, ಇನ್ನೊಂದು ಮ್ಯಾನೇಜರ್ ಕಲ್ಲಿನಾಥನ ಕೋಣೆಯದು.

ಪ್ರಕರಣ ಹೀಗಿತ್ತು. ಭುವನೇಶ್ವರಿ ಎಂಬ ಇಪ್ಪತ್ಮೂರು ವರ್ಷದ ಹೆಣ್ಣುಮಗಳು. ಆಳಂದ ತಾಲೂಕಿನ ನರೋಣಾಕ್ಕೆ ಕೊಟ್ಟಿದ್ದರು, ಚೊಚ್ಚಲ ಹೆರಿಗೆಗೆಂದು ಜೇವರ್ಗಿಯ ತವರಿಗೆ ಬಂದಿದ್ದಳು. ಆಸ್ಪತ್ರೆಗೆ ಸೇರಿಸಿದ ದಿನವೇ ಮಧ್ಯಾಹ್ನ ಒಂದೂವರೆಗೆ ಹೆರಿಗೆಯಾಯಿತು. ಹೆಣ್ಣು ಕೂಸು ಉಳಿಯಿತು. ತಾಯಿಗೆ ರಕ್ತಸ್ರಾವ ನಿಲ್ಲಲಿಲ್ಲ. ಮೂರು ಗಂಟೆ ನಲವತ್ತಕ್ಕೆ ಜೀವ ಹೋಯಿತು. ಅವಳ ಮೈಯಲ್ಲಿ ಮೊದಲೇ ರಕ್ತ ಬಹಳ ಕಡಿಮೆಯಿತ್ತು ಎಂದು ಶವಪರೀಕ್ಷೆ ಮಾಡಿದ ವೈದ್ಯರು ಬರೆದರು. ಅದು ಗೊತ್ತಿದ್ದರೆ ಕಲಬುರಗಿಯಿಂದ ರಕ್ತ ತರಿಸಿಟ್ಟುಕೊಂಡೇ ಹೆರಿಗೆ ಮಾಡಿಸಬೇಕಿತ್ತು. ಆದರೆ ಆಸ್ಪತ್ರೆಯ ಕಡತದಲ್ಲಿದ್ದ ಲ್ಯಾಬ್ ವರದಿಯಲ್ಲಿ ಹಿಮೋಗ್ಲೋಬಿನ್ 9.8 ಎಂದಿತ್ತು. ‘ಯಂತ್ರ 5.2 ತೋರಿಸಿತ್ತಂತೆ. ಯಂತ್ರವೇ ಕೆಟ್ಟಿರಬೇಕೆಂದು ತಿಳಿದು ಲ್ಯಾಬಿನ ಹುಡುಗಿ ತಾನೇ 9.8 ಮಾಡಿದ್ದಾಳೆ. ನಾವು ಆ ವರದಿ ನಂಬಿದೆವು’ ಎಂದು ಆಸ್ಪತ್ರೆಯವರು ಹೇಳಿಕೆ ಕೊಟ್ಟರು.

ಲ್ಯಾಬಿನ ಹುಡುಗಿಯ ಹೆಸರು ಜಸ್ಮೀನ. ಹೆದ್ದಾರಿಯ ಪಕ್ಕ ಪಂಕ್ಚರ್ ಅಂಗಡಿ ಇಟ್ಟಿದ್ದ ಜಹೀರುದ್ದೀನನ ಮಗಳು. ತಾನು 5.2 ಎಂದೇ ದಾಖಲಿಸಿದೆ, ಚೀಟಿಯಲ್ಲೂ ಬರೆದುಕೊಟ್ಟೆ ಎಂದು ಅವಳು ಹೇಳುತ್ತಿದ್ದಳು. ಆ ಚೀಟಿ ಕಡತದಲ್ಲಿ ಇರಲಿಲ್ಲ.

ಸೋಮವಾರ ಹತ್ತು ಗಂಟೆಗೆ ವಿಜಯಶ್ರೀ ಡಿಸ್ಕುಗಳ ಪ್ರತಿ ತೆಗೆದು ಮುಗಿಸಿ, ಲ್ಯಾಬಿನ ತಂತ್ರಾಂಶದ ಬದಲಾವಣೆಗಳ ಪಟ್ಟಿಯನ್ನು ಆಗಷ್ಟೇ ತೆರೆದಿದ್ದಳು. ಅಷ್ಟರಲ್ಲಿ ಪೀರಪ್ಪನವರ ಫೋನು ಬಂತು.

“ಮೇಡಂ, ಠಾಣೆ ಮುಂದ ನೂರು ಮಂದಿ ಕುಂತಾರ್ರಿ. ತೀರಿಹೋದಾಕಿ ತಾಯಿ ಗುರುಬಾಯಿ ಊಟಾ ಬಿಟ್ಟು ಕುಂತಾಳ. ನೀವು ಬರದು ಕೊಡೂದು ಆಮ್ಯಾಲ ಕೊಡ್ರಿ. ಬಾಯಿಲೆ ಒಂದು ಮಾತು ಹೇಳ್ರಿ. ಆ ನಂಬರ ಬದಲಾಗ್ಯಾದೋ ಇಲ್ಲೋ?”

“ಬದಲಾಗ್ಯಾದ್ರಿ.”

“ಯಾರ ಹೆಸರಿಂದ? ಎಷ್ಟಕ್ಕ?”

ವಿಜಯಶ್ರೀ ಪರದೆ ನೋಡಿದಳು. ಸಾಲು ಎದುರಿಗೇ ಇತ್ತು. ಬಳಕೆದಾರಳು ಜಸ್ಮೀನ. 5.2 ತೆಗೆದು 9.8. ಸಮಯ 11:48. ರಕ್ತ ತೆಗೆದದ್ದು ಹನ್ನೊಂದೂ ಇಪ್ಪತ್ತಕ್ಕೆ ಎಂದು ಆಸ್ಪತ್ರೆಯ ರಿಜಿಸ್ಟರಿನಲ್ಲಿತ್ತು. ಎಲ್ಲವೂ ಕೂಡಿ ಬಂದಂತಿತ್ತು.

“ಜಸ್ಮೀನ ಅನ್ನೂ ಹೆಸರಿಂದ್ರಿ. ಹನ್ನೊಂದು ನಲವತ್ತೆಂಟಕ್ಕ. ಆದ್ರ ನಾನಿನ್ನೂ ಪೂರಾ ನೋಡಿಲ್ರಿ,” ಎಂದಳು.

“ಇಷ್ಟ ಸಾಕ್ರಿ ಮೇಡಂ,” ಎಂದು ಪೀರಪ್ಪ ಫೋನು ಇಟ್ಟರು.

ಅದೇ ಮಧ್ಯಾಹ್ನ ಜಸ್ಮೀನಳನ್ನು ಬಂಧಿಸಿ, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿ, ಕಲಬುರಗಿಯ ಜೈಲಿಗೆ ಕಳಿಸಿದರು. ಮಂಗಳವಾರ ಅವಳ ಫೋಟೊ ಎಲ್ಲರ ಮೊಬೈಲಿನಲ್ಲೂ ಓಡಾಡಿತು. ವಿಜಯಶ್ರೀಯ ಮೊಬೈಲಿಗೂ ಬಂತು. ಬಿಳಿ ಕೋಟು ಹಾಕಿ, ತಲೆಯ ಮೇಲೆ ದುಪಟ್ಟಾ ಹೊದ್ದು ನಿಂತ ಹುಡುಗಿ. ಕೆಳಗೆ ಯಾರೋ ಬರೆದ ಮಾತುಗಳನ್ನು ಓದಲಾಗದೆ ವಿಜಯಶ್ರೀ ಫೋನನ್ನು ಬೋರಲು ಹಾಕಿಟ್ಟಳು. ಹುಡುಗಿ ಮಾಡಿದ ತಪ್ಪು ದೊಡ್ಡದು, ಆದರೂ ಇಷ್ಟು ಆಗಬಾರದಿತ್ತು ಎಂದುಕೊಂಡಳು.

ಗುರುವಾರ ಅವಳು ವರದಿ ಬರೆಯಲು ಕುಳಿತಳು. ವರದಿಗೆ ಬರೀ ಒಂದು ಸಾಲು ಸಾಲದು, ಸುತ್ತಲಿನದೆಲ್ಲ ಬೇಕು. ಹಾಗಾಗಿ ಲ್ಯಾಬಿನ ಕಂಪ್ಯೂಟರಿನ ಭದ್ರತಾ ಲಾಗನ್ನು ಒಂದು ತಿಂಗಳಷ್ಟು ಹಿಂದಕ್ಕೆ ಹೋಗಿ, ಮೇಲಿನಿಂದ ಕೆಳಕ್ಕೆ ಓದತೊಡಗಿದಳು. ಎರಡನೇ ಪುಟಕ್ಕೇ ಏನೋ ಸರಿಯಿಲ್ಲ ಅನ್ನಿಸಿತು. ಕಂಪ್ಯೂಟರು ದಿನವೂ ಚಾಲೂ ಆಗುತ್ತಿದ್ದುದು ಎರಡು ಗಂಟೆ ಐವತ್ತೆಂಟಕ್ಕೆ, ಇಲ್ಲವೇ ಮೂರಕ್ಕೆ, ಮೂರೂ ಎರಡಕ್ಕೆ. ಅದೂ ಬೆಳಕು ಹರಿಯುವ ಮೊದಲಿನ ಮೂರು ಗಂಟೆ. ಆಸ್ಪತ್ರೆಯ ಲ್ಯಾಬು ತೆರೆಯುವುದು ಎಂಟೂವರೆಗೆ. ಅಷ್ಟು ಹೊತ್ತಿನಲ್ಲಿ ಅಲ್ಲಿ ಯಾರು ಬಂದು ಗುಂಡಿ ಒತ್ತುತ್ತಾರೆ?

ಗಡಿಯಾರದ ಬ್ಯಾಟರಿ ಸತ್ತಿರಬೇಕು ಎಂದುಕೊಂಡಳು ಮೊದಲು. ಆದರೆ ಬ್ಯಾಟರಿ ಸತ್ತ ಗಡಿಯಾರ ದಿನಕ್ಕೊಂದು ಥರ ತಪ್ಪುತ್ತದೆ. ಇದು ದಿನವೂ ಅಷ್ಟೇ ತಪ್ಪುತ್ತಿತ್ತು. ಮೂರಕ್ಕೂ ಎಂಟೂವರೆಗೂ ಐದೂವರೆ ತಾಸು.

ಅವಳು ತನ್ನ ಸಾಧನದ ವೇಳೆಯ ಹೊಂದಾಣಿಕೆ ತೆರೆದು ನೋಡಿದಳು.

ಲಾಗೂ ತಂತ್ರಾಂಶದ ಬದಲಾವಣೆಗಳ ಪಟ್ಟಿಯೂ ತಮ್ಮ ಸಾಲುಗಳನ್ನು ಜಾಗತಿಕ ವೇಳೆಯಲ್ಲಿ ಬರೆದಿಡುತ್ತವೆ. ನಮ್ಮ ವೇಳೆ ಅದಕ್ಕಿಂತ ಐದೂವರೆ ತಾಸು ಮುಂದೆ. ಸಾಲುಗಳನ್ನು ಓದುವ ತನ್ನ ಸಾಧನದಲ್ಲೂ ಅದೇ ವೇಳೆ ಇರಲಿ ಎಂದು ಹೊಂದಿಸಿಕೊಂಡವಳು ಅವಳೇ. ವರದಿ ಬರೆಯುವಾಗ ಪ್ರತಿ ಸಾಲಿಗೂ ಐದೂವರೆ ತಾಸು ಕೂಡಿಸುವುದು ಅವಳಿಗೆ ಉಸಿರಾಡಿದಷ್ಟು ರೂಢಿ. ಹೈದರಾಬಾದಿನಲ್ಲಿ ಹೊಸಬರಿಗೆ ಮೊದಲ ದಿನ ಅವಳು ಕಲಿಸುತ್ತಿದ್ದ ಪಾಠವೂ ಅದೇ. ಸೋಮವಾರ ಫೋನಿನಲ್ಲಿ ಮಾತ್ರ ಕೂಡಿಸಿರಲಿಲ್ಲ.

ಹನ್ನೊಂದು ನಲವತ್ತೆಂಟು ಅಂದರೆ ಸಂಜೆ ಐದು ಗಂಟೆ ಹದಿನೆಂಟು ನಿಮಿಷ. ಭುವನೇಶ್ವರಿ ಸತ್ತು ಆಗಲೇ ಒಂದೂವರೆ ತಾಸಾಗಿತ್ತು.

ಬಾಗಿಲು ಮುಂದೆ ಮಾಡಿಕೊಂಡು ವಿಜಯಶ್ರೀ ಮತ್ತೆ ಮೊದಲಿನಿಂದ ನೋಡಿದಳು. ಈ ಸಲ ಪ್ರತಿ ಸಾಲಿಗೂ ಕೂಡಿಸಿ, ಕಾಗದದ ಮೇಲೆ ಬರೆದುಕೊಂಡು, ಎರಡೆರಡು ಬಾರಿ ತಾಳೆ ಹಾಕಿದಳು. ಸಂಜೆ 5:16ಕ್ಕೆ ಲ್ಯಾಬಿನ ಕಂಪ್ಯೂಟರಿನೊಳಗೆ ಬೇರೊಂದು ಕಂಪ್ಯೂಟರಿನಿಂದ ಯಾರೋ ಬಂದಿದ್ದರು. ಬಂದವರ ವಿಳಾಸ ಮ್ಯಾನೇಜರನ ಕೋಣೆಯ ಕಂಪ್ಯೂಟರಿನದು. 5:18ಕ್ಕೆ ಜಸ್ಮೀನಳ ಹೆಸರು, ಪಾಸ್‌ವರ್ಡು ಬಳಸಿ ಅಂಕಿ ಬದಲಾಯಿಸಿದ್ದರು. 5:21ಕ್ಕೆ ವರದಿ ಮುದ್ರಿಸಿದ್ದರು. 5:24ಕ್ಕೆ ಹೊರಬಿದ್ದಿದ್ದರು. ಪೀರಪ್ಪ ಕಡತದ ಜೊತೆ ಕೊಟ್ಟಿದ್ದ, ಆಸ್ಪತ್ರೆಯ ಹೆಬ್ಬೆರಳಿನ ಹಾಜರಿ ಯಂತ್ರದ ಪಟ್ಟಿಯ ಪ್ರಕಾರ ಜಸ್ಮೀನ ಪಾಳಿ ಮುಗಿಸಿ ಮಧ್ಯಾಹ್ನ 2:06ಕ್ಕೇ ಹೊರಗೆ ಹೋಗಿದ್ದಳು.

ಮ್ಯಾನೇಜರನ ಕಂಪ್ಯೂಟರು ತೆರೆದಾಗ ಅದರ ಲಾಗು ಖಾಲಿಯಿತ್ತು. ಮರುದಿನ ಯಾರೋ ಎಲ್ಲ ಅಳಿಸಿದ್ದರು. ಆದರೆ ಲಾಗು ಅಳಿಸಿದರೂ ಅಳಿಸಿದ್ದನ್ನು ಅದು ಬರೆದಿಡುತ್ತದೆ. ಇಷ್ಟು ಹೊತ್ತಿಗೆ, ಕಲ್ಲಿನಾಥನ ಹೆಸರಿನಿಂದ, ಎಲ್ಲ ದಾಖಲೆ ಅಳಿಸಲಾಯಿತು ಎಂಬ ಒಂದೇ ಒಂದು ಸಾಲು ಅಲ್ಲಿ ಉಳಿದಿತ್ತು.

ಅಂದರೆ, ಸಂಜೆಯವರೆಗೂ ಕಂಪ್ಯೂಟರಿನಲ್ಲಿ 5.2 ಎಂದೇ ಇತ್ತು, ಬೆಳಿಗ್ಗೆಯೇ ಅವರಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ರಕ್ತ ತರಿಸಲಿಲ್ಲ. ಹೆಣ ಇನ್ನೂ ಒಳಗಿರುವಾಗಲೇ ಕುಳಿತು ಅಂಕಿ ತಿದ್ದಿದ್ದರು. ತಿದ್ದಿದವರು ಹೆಣೆದ ಸುಳ್ಳಿಗೆ ಮುದ್ರೆ ಒತ್ತಿದವಳು ತಾನು.

ವಿಜಯಶ್ರೀ ಎದ್ದು ಹೋಗಿ ಮುಖ ತೊಳೆದಳು. ಒರೆಸಿಕೊಳ್ಳದೆಯೇ ಬಂದು ಫೋನು ಎತ್ತಿಕೊಂಡಳು.

“ಪೀರಪ್ಪನೋರೇ, ಸೋಮವಾರ ನಾ ಹೇಳಿದ್ದು ತಪ್ಪದ್ರಿ. ಜಸ್ಮೀನ ಮಾಡಿಲ್ಲ.”

ಎಲ್ಲವನ್ನೂ ಹೇಳಿದಳು.

“ನಾಕು ದಿನಾ ಆತ್ರಿ ಅಕಿ ಒಳಗ ಹೋಗಿ,” ಎಂದರು ಪೀರಪ್ಪ.

“ಗೊತ್ತದ್ರಿ.”

“ನಾನೂ ಅವಸರ ಮಾಡ್ದೆ. ಬರದದ್ದು ಬರೂತನಕ ತಡೀಬೇಕಿತ್ತು.” ದನಿ ತಗ್ಗಿಸಿದರು. “ಮೇಡಂ, ಒಂದು ಮಾತು. ಫೋನಿನ್ಯಾಗ ಹೇಳಿದ್ದು ಯಾವ ಕಾಗದದಾಗೂ ಇಲ್ಲ. ನೀವು ಸರಿ ಟೈಮ ಹಾಕಿ ರಿಪೋರ್ಟ ಕೊಡ್ರಿ, ಸಾಕು. ಮೊದಲು ಹಂಗ ಹೇಳಿದ್ದೆ, ಈಗ ಹಿಂಗ ಹೇಳ್ತೇನಿ ಅಂತೆಲ್ಲಾ ಬರದ್ರ ಅವರ ವಕೀಲ ಕೋರ್ಟಿನ್ಯಾಗ ನಿಮ್ಮನ್ನ ಬಿಡಂಗಿಲ್ರಿ. ಕೇಸು ಬಿದ್ದು ಹೋದೀತು.”

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಜಸ್ಮೀನ ಯಾವ ಆಧಾರದ ಮೇಲೆ ಒಳಗೆ ಹೋದಳು ಎಂದು ನಾಳೆ ಯಾರಾದರೂ ಕೇಳಿದರೆ? ಕಾಗದದಲ್ಲಿ ಇಲ್ಲದ ಮಾತೊಂದು ಒಂದು ಜೀವವನ್ನು ನಾಲ್ಕು ದಿನ ಜೈಲಿನಲ್ಲಿಟ್ಟಿತ್ತು. ಅದನ್ನು ಕಾಗದದ ಹೊರಗೇ ಬಿಟ್ಟರೆ, ಕಲ್ಲಿನಾಥ ಮಾಡಿದ್ದಕ್ಕೂ ತಾನು ಮಾಡುವುದಕ್ಕೂ ಎಷ್ಟು ದೂರ?

“ಬರೀತೇನ್ರಿ,” ಎಂದಳು.

ವರದಿಯ ಏಳನೇ ಕಂಡಿಕೆಯಲ್ಲಿ ಅವಳು ಬರೆದಳು: ದಿನಾಂಕ ಇಷ್ಟರಂದು ತನಿಖಾಧಿಕಾರಿಗೆ ದೂರವಾಣಿಯಲ್ಲಿ ನಾನು ತಿಳಿಸಿದ ಸಮಯ ತಪ್ಪಾಗಿತ್ತು. ಜಾಗತಿಕ ವೇಳೆಯನ್ನು ಭಾರತೀಯ ವೇಳೆಗೆ ಪರಿವರ್ತಿಸಿರಲಿಲ್ಲ. ತಪ್ಪು ನನ್ನದು.

ಆ ಮೂರು ವಾಕ್ಯ ಬರೆಯುವುದಕ್ಕೆ ಅವಳಿಗೆ ಉಳಿದ ಹದಿನಾಲ್ಕು ಪುಟಗಳಿಗಿಂತ ಹೆಚ್ಚು ಹೊತ್ತು ಹಿಡಿಯಿತು.

ಶುಕ್ರವಾರ ಪೀರಪ್ಪ ವರದಿಯನ್ನು ನ್ಯಾಯಾಲಯದ ಮುಂದಿಟ್ಟರು. ಶನಿವಾರ ಜಸ್ಮೀನ ಮನೆಗೆ ಬಂದಳು. ಕಲ್ಲಿನಾಥನನ್ನು ಅದೇ ದಿನ ಹಿಡಿದರು. ಆಸ್ಪತ್ರೆಯ ಯಜಮಾನ ವೈದ್ಯನನ್ನು ಒಂದು ವಾರದ ಮೇಲೆ.

ಭಾನುವಾರ ವಿಜಯಶ್ರೀ ಜೇವರ್ಗಿಗೆ ಹೋದಳು. ಯಾರೂ ಹೋಗೆಂದಿರಲಿಲ್ಲ. ಹೋಗಬೇಡ ಎಂದು ಗಂಡ ಹೇಳಿದ್ದ. ಹೆದ್ದಾರಿಯ ಪಕ್ಕ ಜಹೀರುದ್ದೀನನ ಅಂಗಡಿಯ ತಗಡು ಒಂದು ಕಡೆ ಒಳಗೆ ಬಗ್ಗಿತ್ತು. ಗಾಳಿ ತುಂಬುವ ಯಂತ್ರದ ಮೀಟರಿನ ಗಾಜು ಒಡೆದಿತ್ತು. ಜಸ್ಮೀನ ಜೈಲಿಗೆ ಹೋದ ದಿನ ಗುರುಬಾಯಿಯ ಕಡೆಯವರು ಬಂದು ಕಲ್ಲು ತೂರಿದ್ದರು. ಗುರುಬಾಯಿ ಕಲ್ಲು ಮುಟ್ಟಿರಲಿಲ್ಲ. ಅಂಗಡಿಯ ಮುಂದೆ ನಿಂತು ಬೊಗಸೆ ಮಣ್ಣು ತೂರಿ, ಶಾಪ ಹಾಕಿ ಹೋಗಿದ್ದಳು.

ಜಹೀರುದ್ದೀನ ಲಾರಿಯ ಗಾಲಿಯೊಂದರ ಮುಂದೆ ಕುಳಿತಿದ್ದ. ಅರವತ್ತರ ಹತ್ತಿರದ ಮನುಷ್ಯ. ವಿಜಯಶ್ರೀ ತನ್ನ ಹೆಸರು ಹೇಳಿ, ತಾನು ಯಾರು, ಏನು ಮಾಡಿದೆ ಎಂದು ನಿಂತುಕೊಂಡೇ ಹೇಳಿದಳು. ಅವನು ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟ.

“ರಿಪೋರ್ಟ ಬರದು ನನ್ನ ಮಗಳನ್ನ ಬಿಡಿಸಿದೋರು ನೀವೇ ಅಂತ ಸಾಹೇಬ್ರು ಹೇಳಿದ್ರು,” ಎಂದ.

“ಒಳಗ ಹಾಕಿಸಿದಾಕಿನೂ ನಾನ ಚಾಚಾ. ಅದನ್ನ ಹೇಳಾಕ ಬಂದೀನಿ.”

ಅವನು ಕೈಗೆ ಹತ್ತಿದ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡ. ಕಬ್ಬು ತುಂಬಿದ ಟ್ರ್ಯಾಕ್ಟರೊಂದು ಹಾದುಹೋಯಿತು.

“ಮಾಫ್ ಮಾಡೂದು ನನ್ನ ಕೈಯಾಗ ಇಲ್ರಿ. ನಾಕೈದು ದಿನ ಅಲ್ಲಿದ್ದಾಕಿ ಅಕಿ. ಮನ್ಯಾಗ ಅದಾಳ. ಹೋಗಿ ಅಕಿನ್ನ ಕೇಳ್ರಿ.”

ಅಂಗಡಿಯ ಹಿಂದೆಯೇ ಮನೆ. ಜಸ್ಮೀನ ಗೋಡೆಗೆ ಒರಗಿ ಕುಳಿತಿದ್ದಳು. ಫೋಟೊದಲ್ಲಿದ್ದಕ್ಕಿಂತ ಚಿಕ್ಕವಳಾಗಿ ಕಂಡಳು. ವಿಜಯಶ್ರೀ ಎದುರಿಗೆ ಚಾಪೆಯ ಮೇಲೆ ಕುಳಿತು ಮತ್ತೊಮ್ಮೆ ಎಲ್ಲ ಹೇಳಿದಳು. ಹುಡುಗಿ ಬೈಯುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದು ಎಣಿಸಿದ್ದಳು. ಅವಳು ಎರಡೂ ಮಾಡಲಿಲ್ಲ.

“ನನಗ ಒಂದು ಹೇಳ್ರಿ ಮೇಡಂ. ಮುಂಜಾನೆ ನಾ ಕಂಪ್ಯೂಟರಿನ್ಯಾಗ ಹಾಕಿದ್ದು ಐದು ಪಾಯಿಂಟ್ ಎರಡು ಅನ್ನೂದು ಖರೇನಾ?”

“ಖರೇ. ನೀ ಹಾಕಿದ್ದು ಐದು ಪಾಯಿಂಟ್ ಎರಡು. ಸಂಜೀತನಕ ಅದ ಇತ್ತು.”

“ನೀವು ಕಣ್ಣಿಲೆ ನೋಡೀರೇನು?”

“ನೋಡೀನಿ.”

ಜಸ್ಮೀನ ತನ್ನ ಅಂಗೈಗಳನ್ನು ನೋಡಿಕೊಂಡಳು.

“ಮೊದಲ ದಿನ ನಾ ಮಾಡಿಲ್ಲ, ನಾ ಮಾಡಿಲ್ಲ ಅಂದೆ. ಕಂಪ್ಯೂಟರ ಸುಳ್ಳು ಹೇಳಂಗಿಲ್ಲ, ಅದರಾಗ ನಿನ್ನ ಹೆಸರದ, ಟೈಮ ಅದ ಅಂದ್ರು. ಎರಡನೇ ದಿನಾನೂ ಅದ. ಮೂರನೇ ದಿನ ನನಗ ಅನಸಾಕತ್ತು, ಮಾಡೀನೇನೋ ಅಂತ. ಆವತ್ತು ಮಂದಿ ಭಾಳ ಇದ್ರು. ನನ್ನ ಕೈಯಽ ತಪ್ಪಿತೇನೋ. ಕಣ್ಣು ಮುಚ್ಚಿದ್ರ ನಾ ಒಂಬತ್ತು ಪಾಯಿಂಟ್ ಎಂಟು ಒತ್ತಿದ್ದು ಕಾಣಾಕತ್ತಿತ್ತು. ಖರೇನ ಕಾಣಾಕತ್ತಿತ್ತು ಮೇಡಂ.” ಅವಳು ಉಸಿರು ತೆಗೆದುಕೊಂಡಳು. “ಚೀಟಿ ಕೈಯಾಗ ಹಿಡ್ಕೊಂಡು ಡಾಕ್ಟರ ಕಡೆ ನಾನ ಓಡಿದ್ದೆ. ರಕ್ತ ತರಸ್ರಿ ಅಂದಿದ್ದೆ. ನೋಡೂಣು, ಹೋಗು ಅಂದ್ರು. ಅದೂ ನಾ ಕನಸು ಕಂಡದ್ದೇನೋ ಅನಸಿತ್ತು.”

ಇಷ್ಟು ವರ್ಷ ವಿಜಯಶ್ರೀ ನೋಡಿದ್ದು ಹೆಸರು, ವೇಳೆ, ವಿಳಾಸ. ತಾನು ಹೇಳಿದ ಒಂದು ವೇಳೆ ಇನ್ನೊಬ್ಬರ ನೆನಪಿನೊಳಗೇ ಹೊಕ್ಕು ಅದನ್ನು ತಿದ್ದಿಬಿಡಬಲ್ಲದು ಎಂದು ಅವಳು ಯಾವತ್ತೂ ಯೋಚಿಸಿರಲಿಲ್ಲ.

“ಕನಸಲ್ಲ ಜಸ್ಮೀನ,” ಎಂದಳು. “ನೀ ಏನು ನೆನಸ್ತೀಯೋ ಅದ ಖರೇ.”

ಆಗ ಆ ಹುಡುಗಿ ಅತ್ತಳು. ಒಳಗಿನಿಂದ ಅವಳ ತಾಯಿ ಸರ್ವರಬೇಗಂ ಬಂದು, ಏನೂ ಕೇಳದೆ, ಮಗಳ ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡಳು. ವಿಜಯಶ್ರೀ ಕ್ಷಮೆ ಕೇಳಿದಳು. ಅವಳು ಹೊರಡಲು ಎದ್ದಾಗ ಜಸ್ಮೀನ, “ಕೋರ್ಟಿನ್ಯಾಗ ಇದನ್ನೆಲ್ಲಾ ಹೇಳ್ತೀರೇನು?” ಎಂದು ಕೇಳಿದಳು.

“ಹೇಳ್ತೇನಿ.”

ಹೇಳುವ ದಿನ ಬರಲು ಒಂದು ವರ್ಷ ಎರಡು ತಿಂಗಳಾಯಿತು. ಪೀರಪ್ಪ ಹೇಳಿದ್ದಂತೆಯೇ ಆಯಿತು. ಆಸ್ಪತ್ರೆಯ ಕಡೆಯ ವಕೀಲರು ಏಳನೇ ಕಂಡಿಕೆಯನ್ನು ದೊಡ್ಡ ದನಿಯಲ್ಲಿ ಓದಿದರು, ಎರಡು ಸಲ.

“ಅಂದರೆ ನೀವು ಒಮ್ಮೆ ತಪ್ಪು ವೇಳೆ ಹೇಳಿ ಒಬ್ಬ ನಿರಪರಾಧಿಯನ್ನು ಜೈಲಿಗೆ ಕಳಿಸಿದ್ದೀರಿ.”

“ಹೌದು.”

“ಅದೇ ಕಂಪ್ಯೂಟರು, ಅದೇ ಸಾಲು. ಆಗ ಬೆಳಿಗ್ಗೆ ಅಂದಿರಿ, ಈಗ ಸಂಜೆ ಅನ್ನುತ್ತೀರಿ. ನಾಳೆ ಇನ್ನೇನು ಹೇಳುತ್ತೀರೋ. ನಿಮ್ಮನ್ನು ನಂಬುವುದು ಹೇಗೆ?”

ವಿಜಯಶ್ರೀ ನ್ಯಾಯಾಧೀಶರ ಕಡೆ ತಿರುಗಿದಳು.

“ನನ್ನನ್ನು ನಂಬಬೇಕಾಗಿಲ್ಲ. ಡಿಸ್ಕು ಮುದ್ರೆ ಸಮೇತ ನ್ಯಾಯಾಲಯದಲ್ಲೇ ಇದೆ. ನನ್ನ ಹೆಸರು ತೆಗೆದುಹಾಕಿ ಬೇರೆ ಯಾರಿಂದಲಾದರೂ ಓದಿಸಬಹುದು. ದಿನವೂ ಎಂಟೂವರೆಗೆ ತೆರೆಯುವ ಲ್ಯಾಬಿನ ಕಂಪ್ಯೂಟರು ಎಷ್ಟಕ್ಕೆ ಚಾಲೂ ಆಗಿದೆ ಎಂದು ಮೊದಲು ನೋಡಲಿ. ಗಡಿಯಾರದ ಲೆಕ್ಕ ಅಲ್ಲೇ ಸಿಗುತ್ತದೆ.”

ನ್ಯಾಯಾಧೀಶರು ಹಾಗೆಯೇ ಮಾಡಿದರು. ಡಿಸ್ಕನ್ನು ಇನ್ನೊಂದು ಪ್ರಯೋಗಾಲಯಕ್ಕೆ ಕಳಿಸಿದರು. ಮೂರು ತಿಂಗಳಿಗೆ ಉತ್ತರ ಬಂತು: 5:16, 5:18, 5:21, 5:24. ನಿಮಿಷವೂ ಅತ್ತಿತ್ತ ಆಗಿರಲಿಲ್ಲ.

ಸಾಕ್ಷ್ಯ ತಿದ್ದಿ, ಅಳಿಸಿದ್ದಕ್ಕೆ ಕಲ್ಲಿನಾಥನಿಗೆ ಮೂರು ವರ್ಷ ಶಿಕ್ಷೆಯಾಯಿತು. ಗೊತ್ತಿದ್ದೂ ರಕ್ತ ತರಿಸದ ವೈದ್ಯನಿಗೆ ಎರಡು ವರ್ಷ. ಅವನು ಮೇಲ್ಮನವಿ ಹಾಕಿದ್ದಾನೆ, ಅದು ಇನ್ನೂ ನಡೆದಿದೆ. ಜಸ್ಮೀನ ಆಳಂದದಲ್ಲಿ ಬೇರೊಂದು ಲ್ಯಾಬಿಗೆ ಸೇರಿಕೊಂಡಳು. ವಿಜಯಶ್ರೀಗೆ ಕೆಲವು ತಿಂಗಳು ಯಾರೂ ಕೆಲಸ ಕಳಿಸಲಿಲ್ಲ. ಆಮೇಲೆ ನಿಧಾನವಾಗಿ ಬರತೊಡಗಿತು. ಅವಳು ಫೋನಿನಲ್ಲಿ ಯಾವ ವೇಳೆಯನ್ನೂ ಹೇಳುವುದಿಲ್ಲ ಎಂದು ಈಗ ಪೊಲೀಸರಿಗೆಲ್ಲ ಗೊತ್ತು.

ತೀರ್ಪು ಬಂದ ದಿನ ನ್ಯಾಯಾಲಯದ ಮೊಗಸಾಲೆಯಲ್ಲಿ ಗುರುಬಾಯಿ ಕಂಬಕ್ಕೆ ಆತು ನಿಂತಿದ್ದಳು. ಸೊಂಟದ ಮೇಲೆ ಮಗಳ ಮಗಳು. ಜಸ್ಮೀನ ತಂದೆಯ ಜೊತೆ ಮೆಟ್ಟಿಲಿಳಿಯುತ್ತಿರುವುದನ್ನು ಕಂಡು ಅವಳು ಅಡ್ಡ ಬಂದು ನಿಂತಳು. ಜಹೀರುದ್ದೀನ ಮಗಳ ಮುಂದಾದ. ಎರಡು ಹೆಜ್ಜೆ ಹಿಂದಿದ್ದ ವಿಜಯಶ್ರೀಯೂ ನಿಂತಳು.

ಗುರುಬಾಯಿ ಬೇರೆ ಯಾರನ್ನೂ ನೋಡಲಿಲ್ಲ.

“ಯವ್ವಾ, ನಿಮ್ಮ ಅಂಗಡಿ ಮುಂದ ನಾ ಮಣ್ಣು ತೂರೀನಿ,” ಎಂದಳು. “ಅದನ್ನ ಹೊಳ್ಳಿ ತಗೊಳ್ಳಾಕ ನನಗ ಬರಂಗಿಲ್ಲ. ಒಂದು ಕೇಳ್ತೇನಿ, ಹೇಳ್ತೀಯೇನು? ಆವತ್ತು ನನ್ನನ್ನ ಹೊರಗ ನಿಲ್ಲಿಸಿದ್ರು. ಅಕಿ ಕೂಡ ಕಡೀಕ ಕುಂತು ಮಾತಾಡಿದಾಕಿ ನೀನ ಅಂತ. ರಕ್ತ ತಗೊಳ್ಳೂ ಮುಂದ ನನ್ನ ಮಗಳು ಏನಂದ್ಲು?”

ಜಸ್ಮೀನ ತಂದೆಯ ಕೈಯನ್ನು ಮೆಲ್ಲಗೆ ಬದಿಗೆ ಸರಿಸಿ ಮುಂದೆ ಬಂದಳು. ನೆನಪು ಮಾಡಿಕೊಳ್ಳಲು ಅವಳಿಗೆ ಹೊತ್ತೇನೂ ಬೇಕಾಗಲಿಲ್ಲ.

“ಆಯಿ, ಬಲಗೈ ಮುಂದ ಮಾಡು ಅಂದೆ. ಎಡಗೈ ಕೊಟ್ಳು. ಬಲಗೈಯಾಗ ಬಸರಿ ಕುಬಸದ ಗಾಜಿನ ಬಳಿ ಭಾಳ ಅದಾವ, ಮ್ಯಾಲ ಸರಸಾಕ ಹೋದ್ರ ಒಡೀತಾವ ಅಂದ್ಲು. ನಮ್ಮವ್ವ ಆಳಂದ ಪ್ಯಾಟ್ಯಾಗ ಇಡೀ ದಿನ ತಿರಗಿ ಆರಿಸಿ ತಂದಾಳ ಅಂದ್ಲು. ಸೂಜಿ ಹಾಕಿದಾಗ ಹೆದರಲಿಲ್ಲ. ನಕ್ಕೊಂತ ನಿಮ್ಮ ಸುದ್ದಿ ಹೇಳಾಕತ್ತಿದ್ಲು.”

ಗುರುಬಾಯಿ ಕೂಸನ್ನು ಇನ್ನೊಂದು ಸೊಂಟಕ್ಕೆ ಸರಿಸಿಕೊಂಡಳು. “ನನ್ನ ಸುದ್ದಿ?”

“ಹೌದು. ಬಳಿ ಅಂಗಡ್ಯಾಂವನ ಕೂಡ ನೀವು ಹೆಂಗ ಜಗಳಾಡಿದ್ರಿ ಅಂತ.”

ಗುರುಬಾಯಿ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕುಳಿತಳು. ಜಸ್ಮೀನ ಪಕ್ಕದಲ್ಲಿ ಕುಳಿತಳು. “ಮತ್ತ ಹೇಳವ್ವಾ,” ಎಂದಳು ಮುದುಕಿ, “ಅಂವ ಏನಂದ ಅಂತ ಹೇಳಿದ್ಲು?” ಜಸ್ಮೀನ ಮೊದಲಿನಿಂದ ಹೇಳತೊಡಗಿದಳು.

ಜಹೀರುದ್ದೀನ ಮೆಟ್ಟಿಲ ಕೆಳಗೆ ಕಾದು ನಿಂತ. ವಿಜಯಶ್ರೀ ಅವನ ಪಕ್ಕದಿಂದ ಹಾದು ಹೋಗುವಾಗ ಅವನು ಹಣೆಗೆ ಕೈ ಮುಟ್ಟಿಸಿದ. ಅವಳೂ ಕೈಮುಗಿದಳು. ನಡು ಹಗಲಾಗಿತ್ತು, ಅಫಜಲಪುರದ ಬಸ್ಸಿಗೆ ಇನ್ನೂ ಸಮಯವಿತ್ತು. ಅವಳು ನಡೆದೇ ನಿಲ್ದಾಣಕ್ಕೆ ಹೋದಳು.